ತುದಿ ಸೀಳಿದ್ದು ಸರಿ, ನಡುವೆ ಯಾಕೆ ಸೀಳಿತು?

ಅಕ್ಕನ ಮಗಳು 2024ರ ಜನವರಿಯಲ್ಲಿ ಒಂದು ಭಾನುವಾರ ಮನೆಗೆ ಬಂದವಳೇ ಜಡೆ ಬಿಚ್ಚಿಕೊಂಡು ನನಗೆ ಬೆನ್ನು ಹಾಕಿ ಕೂತಳು. "ಚಿಕ್ಕಮ್ಮ, ಪಾರ್ಲರಿನವರು 8 ಇಂಚು ಕತ್ತರಿಸಬೇಕು ಅಂತಿದ್ದಾರೆ. ಇಲ್ಲದಿದ್ದರೆ ಸೀಳು ಬುಡದವರೆಗೂ ಏರುತ್ತಂತೆ. ನಿಜವಾ?" ಅವಳಿಗೆ ಆಗ 25. ನೆತ್ತಿಯಿಂದ ತುದಿಗೆ ಟೇಪ್ ಹಿಡಿದರೆ 38 ಇಂಚು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಇಂಚು ಬೆಳೆಯುತ್ತದೆ, ಹಾಗಾಗಿ 8 ಇಂಚು ಅಂದರೆ 16 ತಿಂಗಳ ಬೆಳೆ. ಅಳು ಬರದೆ ಇರುತ್ತಾ?

ಪಾರ್ಲರಿನವರು ಇನ್ನೊಂದು ದಾರಿಯನ್ನೂ ತೋರಿಸಿದ್ದರು. 4,500 ರೂಪಾಯಿಯ ಟ್ರೀಟ್‌ಮೆಂಟು, ಸೀಳಿದ್ದೆಲ್ಲ ಕೂಡಿಕೊಳ್ಳುತ್ತದಂತೆ. ಅದನ್ನು ಕೇಳಿ ನಮ್ಮಮ್ಮ ಒಳಗಿನಿಂದಲೇ ನಕ್ಕಳು. ಅಮ್ಮ ಈ ಸೀಳು ಕೂದಲಿಗೆ ಹಾವಿನ ನಾಲಿಗೆ ಅಂತಾಳೆ. "ಹಾವಿನ ನಾಲಿಗೆ ಹೊಲಿಯೋಕಾಗುತ್ತೇನೇ" ಅನ್ನೋದು ಅವಳ ಪ್ರಶ್ನೆ.

ನಾನು ಡಾಕ್ಟರಲ್ಲ, ಬ್ಯೂಟಿಷಿಯನ್ನೂ ಅಲ್ಲ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ನನ್ನದೂ ಉದ್ದ ಕೂದಲು, ಅಷ್ಟೇ. ಆದರೆ ಈ ಕೇಸು 19 ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ಇತ್ತು. ಎರಡು ಸಲ ತಪ್ಪು ದಾರಿ ಹಿಡಿದೆ. ಆ ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತೇನೆ, ಯಾಕೆಂದರೆ ಉದ್ದ ಕೂದಲಿನವರೆಲ್ಲ ಮೊದಲು ಹೋಗುವುದು ಅದೇ ದಾರಿಯಲ್ಲಿ.

ಮೊದಲು ವಿಚಾರಣೆ. ಬಣ್ಣ ಹಾಕಿದ್ದೀಯಾ? ಇಲ್ಲ. ಸ್ಟ್ರೈಟನಿಂಗ್, ಸ್ಮೂದನಿಂಗ್? ಯಾವತ್ತೂ ಇಲ್ಲ. ಐರನ್? ತನ್ನ ಅಕ್ಕನ ಮದುವೆಯಲ್ಲಿ ಒಂದು ದಿನ. ವಾರಕ್ಕೆ ಎರಡು ಸಲ ತಲೆಸ್ನಾನ, ಹಿಂದಿನ ರಾತ್ರಿ ತೆಂಗಿನೆಣ್ಣೆ. ಬ್ಲೀಚು, ಪರ್ಮ್, ರೀಬಾಂಡಿಂಗ್ ಮಾಡಿಸಿದ ಕೂದಲು ಸೀಳಿದರೆ ಕಾರಣ ಹುಡುಕಬೇಕಾಗಿಲ್ಲ, ಅವು ಕೂದಲಿನ ಒಳಗಿನ ಬಂಧಗಳನ್ನೇ ಒಡೆಯುತ್ತವೆ. ಇವಳದ್ದು ಅಜ್ಜಿ ಸಾಕಿದ ಹಾಗಿನ ಕೂದಲು. ಮತ್ತೆ ಯಾಕೆ?

ಉದುರುತ್ತಿದೆಯಾ ಅಂತಲೂ ನೋಡಿದೆವು. ಇದನ್ನು ಎಲ್ಲರೂ ಮನೆಯಲ್ಲೇ ನೋಡಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಮಾಮೂಲು. ಗಂಟಿಲ್ಲದ ತುಂಡು ಅಂದರೆ ನಡುವೆ ಮುರಿದದ್ದು. ಇವಳ ಬಾಚಣಿಗೆಯಲ್ಲಿ ತುಂಡುಗಳೇ ಜಾಸ್ತಿ. ಅಂದಮೇಲೆ ಕಬ್ಬಿಣಾಂಶ, ಥೈರಾಯ್ಡ್ ಕಡೆ ಹೋಗುವ ಮೊದಲು ಕೂದಲಿನ ಮೈ ನೋಡಬೇಕಿತ್ತು. (ಗಂಟಿರುವ ಕೂದಲೇ ರಾಶಿ ರಾಶಿ ಬರುತ್ತಿದ್ದರೆ, ಅಥವಾ ತಲೆಯಲ್ಲಿ ಬೋಳು ಮಚ್ಚೆ ಕಂಡರೆ ಈ ಬರಹ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ.)

ಜಗಲಿಯ ಬಿಸಿಲಲ್ಲಿ ಬಿಳಿ ಪಂಚೆ ಹಾಸಿ ಕೂದಲು ಹರಡಿಕೊಂಡೆವು. ಕಪ್ಪು ಕೂದಲಿನ ಸೀಳು ಬಿಳಿ ಬಟ್ಟೆಯ ಮೇಲೆ ಮಾತ್ರ ಚೆನ್ನಾಗಿ ಕಾಣುತ್ತದೆ. ಬೇರೆ ಬೇರೆ ಕಡೆಯಿಂದ ಒಟ್ಟು 50 ಕೂದಲು ಆರಿಸಿ ಒಂದೊಂದನ್ನೇ ಕೊನೆಯವರೆಗೂ ಬೆರಳಲ್ಲಿ ಜಾರಿಸಿ ನೋಡಿದೆ. ತುದಿ ಸೀಳಿದ್ದು 19. ಅದು ಆಶ್ಚರ್ಯವಲ್ಲ. 38 ಇಂಚಿನ ತುದಿ ಅಂದರೆ ಆರು ವರ್ಷಕ್ಕಿಂತ ಹಳೆಯ ಕೂದಲು, ಅದು ಹುಟ್ಟಿದಾಗ ಇವಳು ಡಿಗ್ರಿಗೂ ಸೇರಿರಲಿಲ್ಲ. ವಾರಕ್ಕೆ ಎರಡು ಸ್ನಾನ ಅಂದರೂ 600 ಸಲ ನೆನೆದು ಒಣಗಿದೆ, ಬಾಚಿದ ಲೆಕ್ಕ ದೇವರಿಗೇ ಗೊತ್ತು. ಆರು ವರ್ಷ ದಿನಾ ಉಟ್ಟ ಸೀರೆಯ ಅಂಚು ಹೇಗಿರುತ್ತೆ ಹೇಳಿ.

ಆಶ್ಚರ್ಯ ಇದ್ದದ್ದು ನಡುವೆ. ನೆತ್ತಿಯಿಂದ ಸುಮಾರು 20 ಇಂಚಿನಿಂದ 25 ಇಂಚಿನವರೆಗೆ ಒಂದು ಪಟ್ಟಿ. ಅಲ್ಲಿ 50ರಲ್ಲಿ 14 ಕೂದಲಿಗೆ ಬಿಳಿ ಚುಕ್ಕೆ, ಸಣ್ಣ ಸಿಬಿರು, ಇಲ್ಲವೇ ಅಲ್ಲೇ ಅರ್ಧ ಮುರಿದ ಗುರುತು. ಅದರ ಮೇಲೆ ಚೊಕ್ಕ, ಕೆಳಗೂ ಪರವಾಗಿಲ್ಲ, ಮತ್ತೆ ತುದಿಯಲ್ಲಿ ಸೀಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಆದರೆ ಅದರ ಅರ್ಥ ಆಗಲಿಲ್ಲ. ಆಗಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಬಿಳಿ ಚುಕ್ಕೆ ಅಂದರೇನು ಅಂತ ಹೇಳಿಬಿಡುತ್ತೇನೆ. ಕೂದಲಿನ ಮೈ ನಮ್ಮೂರಿನ ಹೆಂಚಿನ ಮಾಡಿನ ಹಾಗೆ. ಒಂದರ ಮೇಲೊಂದು ಹೊದಿಸಿದ ಪೊರೆಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ. ಇದಕ್ಕೆ ಕ್ಯೂಟಿಕಲ್ ಅಂತಾರೆ. ಒಳಗಿರುವುದು ಕಾರ್ಟೆಕ್ಸ್, ಕೆರಾಟಿನ್ ಅನ್ನುವ ಪ್ರೋಟೀನಿನ ಎಳೆಗಳನ್ನು ಹೊಸೆದ ತೆಂಗಿನ ನಾರಿನ ಹಗ್ಗ ಅಂದುಕೊಳ್ಳಿ. ಹೆಂಚು ಇರುವವರೆಗೆ ಹಗ್ಗ ಭದ್ರ. ಹೆಂಚು ಸವೆದು ಹಾರಿಹೋದರೆ ಹಗ್ಗದ ಎಳೆ ಬಿಚ್ಚುತ್ತದೆ. ತುದಿಯಲ್ಲಿ ಬಿಚ್ಚಿದರೆ ಕವಲು. ನಡುವೆ ಬಿಚ್ಚಿದರೆ ಎಳೆಗಳು ಎರಡೂ ಕಡೆಯಿಂದ ಬ್ರಷ್ಷಿನ ಹಾಗೆ ಹರಡಿ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಸ್ವಲ್ಪ ಎಳೆದರೆ ಅಲ್ಲೇ ತುಂಡು. ಡಾಕ್ಟರುಗಳು ಮೊದಲನೆಯದಕ್ಕೆ ಟ್ರೈಕಾಪ್ಟಿಲೋಸಿಸ್ ಅಂತಲೂ ಎರಡನೆಯದಕ್ಕೆ ಟ್ರೈಕೊರೆಕ್ಸಿಸ್ ನೊಡೋಸಾ ಅಂತಲೂ ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ಇವಳಂಥವರಲ್ಲಿ ಕಾರಣ ಮಾತ್ರ ಸಾಮಾನ್ಯವಾಗಿ ಸವೆತವೇ.

ಮತ್ತು ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ರಕ್ತ ಹರಿಯುವುದಿಲ್ಲ, ಜೀವಕೋಶ ಕೆಲಸ ಮಾಡುವುದಿಲ್ಲ. ಗಾಯ ಮಾಗಲು ಅಲ್ಲಿ ಏನೂ ಇಲ್ಲ. ಸೀರಮ್ಮು, ಪ್ಯಾಕು, ಟ್ರೀಟ್‌ಮೆಂಟು ಎಲ್ಲ ಮಾಡುವುದು ಸೀಳಿನ ಎರಡು ಕವಲನ್ನು ಒಂದೆರಡು ಸ್ನಾನದ ತನಕ ಅಂಟಿಸುವ ಕೆಲಸ. 4,500 ರೂಪಾಯಿಯ ಅಂಟು ಬೇಡ ಅಂತ ಅವತ್ತೇ ತೀರ್ಮಾನ ಆಯಿತು.

ಹಾಗಂತ ಕತ್ತರಿಸದೆ ಬಿಡಲೂ ಆಗುವುದಿಲ್ಲ. ಸೀಳು ಏರುತ್ತದೆ ಅನ್ನೋದು ಅರ್ಧ ನಿಜ. ಬಾಚಿದಾಗ, ಸಿಕ್ಕಿಕೊಂಡಾಗ ಸೀಳು ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಆದರೆ ಬುಡದವರೆಗೆ ಹೋಗುವ ಎಷ್ಟೋ ಮೊದಲು ಕೂದಲು ಮುರಿದೇ ಹೋಗಿರುತ್ತದೆ. ಕೊನೆಯ 2 ಇಂಚಿನಲ್ಲೇ ಹೆಚ್ಚಿನ ಸೀಳು ಇತ್ತು, 2 ಇಂಚು ತೆಗೆದೆವು. ಮತ್ತೆ ಎಣಿಸಿದಾಗ ತುದಿಯಲ್ಲಿ 50ಕ್ಕೆ 8. ಉಳಿದದ್ದನ್ನು ಎರಡು ವಾರಕ್ಕೊಮ್ಮೆ ಒಂದೊಂದಾಗಿ ಹುಡುಕಿ ಕತ್ತರಿಸುವುದು ಅಂತ ಆಯಿತು. ಸಣ್ಣ ಜೊಂಪೆ ಹಿಡಿದು ತಿರುಚಿದರೆ ಸೀಳಿದವು ಮುಳ್ಳಿನ ಹಾಗೆ ಹೊರಗೆ ಚಾಚುತ್ತವೆ, ಸೀಳು ಶುರುವಾದ ಜಾಗಕ್ಕಿಂತ ಕಾಲಿಂಚು ಮೇಲೆ ನೇರವಾಗಿ ಕತ್ತರಿಸಬೇಕು. ಕೂದಲು ಕತ್ತರಿಸಲೆಂದೇ ಮಾಡಿದ ಹರಿತವಾದ ಕತ್ತರಿ ಬೇಕು. ಹಾಲಿನ ಪ್ಯಾಕೆಟ್ ಕತ್ತರಿಸುವ ಅಡುಗೆಮನೆ ಕತ್ತರಿ ಕೂದಲನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಜಗಿದ ತುದಿ ಬೇಗ ಮತ್ತೆ ಕವಲಾಗುತ್ತದೆ.

ಅಮ್ಮನ ಷರತ್ತು ಬೇರೆ. ಮಂಗಳವಾರ ಬೇಡ, ಶುಕ್ರವಾರ ಬೇಡ, ದೀಪ ಹಚ್ಚಿದ ಮೇಲಂತೂ ಕತ್ತರಿ ಹಿಡಿಯಲೇಬೇಡ. ಸಂಜೆಯ ಮೇಲೆ ಸೀಳು ಕಾಣುವುದೂ ಇಲ್ಲ, ಹಾಗಾಗಿ ಜಗಳ ಆಗಲಿಲ್ಲ. ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತೆ ಅಂತಲೂ ಅಮ್ಮ ಹೇಳಿದಳು. ಅದು ಮಾತ್ರ ಸುಳ್ಳು. ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ತಿಳಿಯುವುದೇ ಇಲ್ಲ. ಮುರಿಯುವುದು ಕಡಿಮೆಯಾಗುತ್ತದೆ, ಅದಕ್ಕೆ ಉದ್ದ ಉಳಿಯುತ್ತದೆ.

ಇನ್ನು ನನ್ನ ತಪ್ಪುಗಳು.

ಮೊದಲನೆಯದು ನೀರು. ಆ ವರ್ಷ ಫೆಬ್ರುವರಿ, ಮಾರ್ಚಿನಲ್ಲಿ ಬೆಂಗಳೂರಿನ ಸ್ಥಿತಿ ನಿಮಗೆ ನೆನಪಿರಬಹುದು. ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದರೆ ಹಬ್ಬ. ಕೂದಲು ಉದುರಿದರೂ ಟ್ಯಾಂಕರ್ ನೀರು, ಚರ್ಮ ಒಣಗಿದರೂ ಟ್ಯಾಂಕರ್ ನೀರು. ನಾನೂ ಅದೇ ಅಂದೆ. ಅಕ್ವೇರಿಯಂ ಅಂಗಡಿಯಲ್ಲಿ ನೀರಿನ ಗಡಸುತನ ಅಳೆಯುವ ಕಿಟ್ ಸಿಗುತ್ತದೆ, ಮೀನು ಸಾಕುವವರಿಗೆ ಗೊತ್ತು. ಅವಳ ಫ್ಲ್ಯಾಟಿನ ನೀರು ಲೀಟರಿಗೆ ಸುಮಾರು 480 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ 200, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಅಂತ ಇದೆ. ಗಡಸು ಅನ್ನೋದರಲ್ಲಿ ಅನುಮಾನ ಇಲ್ಲ. 1,800 ರೂಪಾಯಿ ಕೊಟ್ಟು ಶವರಿಗೆ ಹಾಕುವ ಫಿಲ್ಟರ್ ತರಿಸಿದಳು. ನಾನು ಫಿಲ್ಟರಿನಿಂದ ಬಂದ ನೀರನ್ನೂ ಅದೇ ಕಿಟ್‌ನಲ್ಲಿ ಅಳೆದೆ. ಮತ್ತೆ 480. ಕೆಮಿಸ್ಟ್ರಿ ಟೀಚರು ಮೊದಲೇ ಯೋಚಿಸಬೇಕಿತ್ತು, ಅಲ್ವಾ? ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆಯಲು ಅಯಾನು ಬದಲಿಸುವ ರಾಳದ ಸಾಫ್ಟನರ್ ಬೇಕು, ಉಪ್ಪು ಹಾಕಿ ಅದನ್ನು ಆಗಾಗ ತೊಳೆಯಬೇಕು. ಶವರಿನ ತಲೆಗೆ ಸಿಕ್ಕಿಸುವ ಆ ಮುಷ್ಟಿಗಾತ್ರದ ಡಬ್ಬಿಯಲ್ಲಿ ಅದು ಎಲ್ಲಿ ಬರಬೇಕು? ಕ್ಲೋರಿನ್ ಸ್ವಲ್ಪ ಹಿಡಿದಿರಬಹುದು, ಅಷ್ಟೇ.

ನೀರನ್ನು ಪೂರ್ತಿ ನಿರಪರಾಧಿ ಅನ್ನುತ್ತಿಲ್ಲ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಒರಟು ಕೂದಲು ಜಾಸ್ತಿ ಸಿಕ್ಕಾಗುತ್ತದೆ. ಆದರೆ ನೀರು ಕೂದಲಿಗೆಲ್ಲ ಒಂದೇ. ಬರೀ 20ರಿಂದ 25 ಇಂಚಿನ ಕೂದಲನ್ನು ಹುಡುಕಿಕೊಂಡು ಹೋಗಿ ಒಡೆಯುವ ನೀರು ಇಲ್ಲ. ಇದು ಆಗ ಹೊಳೆಯಲಿಲ್ಲ.

ಎರಡನೆಯದು ಸೀಗೆಕಾಯಿ. ಶಾಂಪೂ ಬಿಡು, ಸೀಗೆಪುಡಿ ಹಚ್ಚು ಅಂದೆ. ಸೀಗೆಯಲ್ಲಿ ನೊರೆ ಬರಿಸುವ ಸಪೋನಿನ್ ಇದೆ, ಸ್ವಲ್ಪ ಹುಳಿ ಗುಣವೂ ಇದೆ, ಸೋಪಿನ ಹಾಗೆ ಕೂದಲಿನ ಹೆಂಚನ್ನು ಎಬ್ಬಿಸುವುದಿಲ್ಲ. ಪುಸ್ತಕದ ಪ್ರಕಾರ ಎಲ್ಲ ಸರಿ. ಅವಳು ತಂದದ್ದು ಪ್ಯಾಕೆಟ್ಟಿನ ತರಿ ತರಿ ಪುಡಿ. ಅದನ್ನು 36 ಇಂಚು ಉದ್ದಕ್ಕೂ ಬಟ್ಟೆ ಒಗೆದ ಹಾಗೆ ತಿಕ್ಕಿದ್ದಾಳೆ. ಏಪ್ರಿಲ್‌ನಲ್ಲಿ ಎಣಿಸಿದರೆ ತುದಿಯಲ್ಲಿ 8 ಇದ್ದದ್ದು 12 ಆಗಿತ್ತು. ನಡುವಿನ ಪಟ್ಟಿಯಲ್ಲಿ 15. ಅಮ್ಮ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದರಲ್ಲಿ ಪಾತ್ರೆ ತಿಕ್ಕಬಹುದು" ಅಂದಳು. ಅವಳ ಕಾಲದಲ್ಲಿ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ದಾಸವಾಳದ ಸೊಪ್ಪು ಕಿವುಚಿದ ಲೋಳೆಯ ಜೊತೆ ಕಲಸುತ್ತಿದ್ದರಂತೆ. ಲೋಳೆ ಇದ್ದರೆ ಕೂದಲು ಜಾರುತ್ತದೆ. ಈಗ ನಾವು ಬಳಸುವ ಕಂಡೀಷನರಿನ ಕೆಲಸವೂ ಅದೇ, ಒಂದು ಕೂದಲು ಇನ್ನೊಂದರ ಮೇಲೆ ಜಾರಬೇಕು. ನಾನು ಅರ್ಧ ಮಾತ್ರ ನೆನಪಿಟ್ಟುಕೊಂಡು ಉಳಿದರ್ಧ ಮರೆತಿದ್ದೆ.

ಜೂನ್. ಮಳೆ. ಸ್ಕೂಟರಿನಲ್ಲಿ ಬಂದಳು. ಬಾಗಿಲಲ್ಲಿ ನಿಂತು ಬೆನ್ನಿನ ಲ್ಯಾಪ್‌ಟಾಪ್ ಬ್ಯಾಗ್ ತೆಗೆಯುವಾಗ "ಅಯ್ಯೋ" ಅಂದಳು. ಜಡೆಯ ನಾಲ್ಕು ಕೂದಲು ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡಿದ್ದವು. "ಇದು ದಿನಾ ಇದ್ದಿದ್ದೇ" ಅಂತ ಎಳೆದು ಕಿತ್ತಳು.

ಆ ಕಿತ್ತ ಜಾಗಕ್ಕೆ ನಾನು ಟೇಪ್ ಹಿಡಿದೆ. ನೆತ್ತಿಯಿಂದ 20 ಇಂಚು.

ಬ್ಯಾಗಿನ ಮೇಲ್ತುದಿಯ ಹಿಡಿ, ಅದರ ಕೆಳಗೆ ಜಿಪ್ಪಿನ ಬಾಯಿ, ಇವೆರಡರ ಮತ್ತು ಬೆನ್ನಿನ ನಡುವೆ ಜಡೆ. ಹೋಗುತ್ತಾ 40 ನಿಮಿಷ, ಬರುತ್ತಾ ಒಂದು ಗಂಟೆ. ನಮ್ಮ ರಸ್ತೆಯ ಒಂದೊಂದು ಹಂಪಿಗೂ ಗುಂಡಿಗೂ ಬ್ಯಾಗು ಮೇಲೆ ಕೆಳಗೆ. ಗರಗಸ ಅಲ್ಲದೆ ಇನ್ನೇನು? ಈ ಕೆಲಸಕ್ಕೆ ಸೇರಿ ಸ್ಕೂಟರ್ ತಗೊಂಡದ್ದು ಯಾವಾಗ ಅಂತ ಕೇಳಿದೆ. 2023ರ ಮಾರ್ಚ್.

ಆಗ ಜನವರಿಯ ಲೆಕ್ಕ ಅರ್ಥ ಆಯಿತು. ಬ್ಯಾಗು ಇರುವ ಜಾಗ ಬದಲಾಗುವುದಿಲ್ಲ, ಕೂದಲು ಮಾತ್ರ ತಿಂಗಳಿಗೆ ಅರ್ಧ ಇಂಚಿನ ಹಾಗೆ ಅದರ ಕೆಳಗೆ ಇಳಿಯುತ್ತಾ ಹೋಗುತ್ತದೆ. ಮಾರ್ಚಿನಿಂದ ಜನವರಿಗೆ 10 ತಿಂಗಳು, 5 ಇಂಚು. ಪಟ್ಟಿ ಎಷ್ಟು ಉದ್ದ ಇತ್ತು? 20ರಿಂದ 25. ಕೂದಲು ತಾನೇ ಡೈರಿ ಬರೆದಿಟ್ಟಿತ್ತು, ನಾನು ಓದಿರಲಿಲ್ಲ. ಕೂದಲುಗಳ ಉದ್ದ ಒಂದೇ ಸಮ ಇರುವುದಿಲ್ಲ, ಪಟ್ಟಿಯ ಅಂಚು ಗೆರೆ ಎಳೆದ ಹಾಗೆ ಇರಲಿಲ್ಲ ಅನ್ನೋದೂ ನಿಜ. ಆದರೂ ನೀರಿನ ಕಥೆಗಿಂತ ಇದು ಎಷ್ಟೋ ಚೆನ್ನಾಗಿ ಹೊಂದುತ್ತಿತ್ತು.

ಈ ಕಣ್ಣಿಟ್ಟುಕೊಂಡು ನೋಡಿದರೆ ಉಳಿದದ್ದೂ ಕಾಣತೊಡಗಿತು. ತುದಿಯಿಂದ 3 ಇಂಚು ಮೇಲೆ ದಿನಾ ಒಂದೇ ಜಾಗದಲ್ಲಿ ರಬ್ಬರ್ ಬ್ಯಾಂಡ್, ಅದೂ ಆಫೀಸಿನ ಫೈಲಿಗೆ ಹಾಕುವಂಥದ್ದು. ತುದಿಯ ಗುಳ್ಳೆ ಉದುರಿಹೋದ ಹೇರ್‌ಪಿನ್ನು, ಅಂದರೆ ಬರೀ ತಂತಿ. ಸ್ನಾನ ಆದ ಕೂಡಲೇ ಆಫೀಸಿಗೆ ಹೊತ್ತಾಯಿತು ಅಂತ ಒದ್ದೆ ಕೂದಲನ್ನು ನೆತ್ತಿಯಿಂದಲೇ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆಯುವುದು. ನೀರು ಕುಡಿದ ಕೂದಲು ಉಬ್ಬಿರುತ್ತದೆ, ಹೆಂಚು ಸಡಿಲ ಆಗಿರುತ್ತದೆ, ಎಳೆದರೆ ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಗ್ಗಿದ್ದು ಎಲ್ಲ ಸಲವೂ ಸರಿಯಾಗಿ ಹಿಂದಕ್ಕೆ ಬರುವುದಿಲ್ಲ. ಮೇಲಿನಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಒಟ್ಟಾಗಿ ಗಂಟು ಬೀಳುತ್ತದೆ, ಆ ಗಂಟನ್ನು ಇನ್ನೂ ಜೋರಾಗಿ ಎಳೆಯುತ್ತೇವೆ. ಮತ್ತೆ ನಮ್ಮ ಮನೆಯದೇ ಒಂದು ಅಭ್ಯಾಸ, ತೆಳು ಟವೆಲ್ಲು ಹಿಡಿದು ಒದ್ದೆ ಕೂದಲನ್ನು ಪಟಪಟ ಬಡಿಯುವುದು. ಇದನ್ನು ಕಲಿಸಿದ್ದು ಅಮ್ಮ. ಬಿಡು ಅಂದರೆ ಮುಖ ಊದಿಸಿಕೊಂಡಳು, ಎರಡು ದಿನ ನನ್ನ ಹತ್ತಿರ ಮಾತಿಲ್ಲ.

ಪರಿಹಾರ ಕಂಡುಹಿಡಿದವಳೂ ಅವಳೇ. ಟ್ರಂಕಿನಿಂದ ಹಳೆಯ ರೇಷ್ಮೆ ರವಿಕೆ ಕಣ ತೆಗೆದು, ಎರಡು ಬದಿ ಹೊಲಿದು, ಉದ್ದನೆಯ ಚೀಲ ಮಾಡಿದಳು. ಜಡೆಯನ್ನು ಮಡಚಿ ಕುತ್ತಿಗೆಯ ಹತ್ತಿರ ಕಟ್ಟಿ ಅದರೊಳಗೆ ಇಳಿಸಿದರೆ ಬ್ಯಾಗಿಗೂ ಸಿಗುವುದಿಲ್ಲ, ಗಾಳಿಗೂ ಸಿಗುವುದಿಲ್ಲ. ಬ್ಯಾಗನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ಹಾಕುವುದು ಇನ್ನೂ ಸುಲಭ, ಆದರೆ ಲ್ಯಾಪ್‌ಟಾಪ್ ಕುಲುಕುತ್ತೆ ಅಂತ ಇವಳು ಒಪ್ಪಲಿಲ್ಲ. ರಬ್ಬರ್ ಹೋಗಿ ಬಟ್ಟೆ ಸುತ್ತಿದ ಬ್ಯಾಂಡು ಬಂತು, ದಿನಾ ಒಂದಿಷ್ಟು ಮೇಲೆ ಕೆಳಗೆ ಕಟ್ಟುವುದು. ರಾತ್ರಿ ಸಡಿಲ ಜಡೆ.

ಸ್ನಾನದ ಕ್ರಮದಲ್ಲಿ ಬದಲಾದದ್ದು ಸ್ವಲ್ಪವೇ. ಶಾಂಪೂಗೆ ವಾಪಸ್ ಬಂದಳು, ಆದರೆ ಬುರುಡೆಗೆ ಮಾತ್ರ. ಉದ್ದಕ್ಕೆ ಇಳಿದು ಬರುವ ನೊರೆಯೇ ಸಾಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ರಾಶಿ ಹಾಕಿ ತಿಕ್ಕಬಾರದು. ಕಿವಿಯಿಂದ ಕೆಳಗೆ ಕಂಡೀಷನರ್, ಅದು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ. ಸವೆದ ಕೂದಲಿನ ಮೈಮೇಲೆ ಋಣ ವಿದ್ಯುದಂಶ ಜಾಸ್ತಿ, ಕಂಡೀಷನರಿನ ಕಣಗಳದ್ದು ಧನ. ಹಾಗಾಗಿ ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ. ನನಗೆ ಇಷ್ಟವಾದ ಸಂಗತಿ ಇದು, ಕ್ಲಾಸಿನಲ್ಲೂ ಹೇಳುತ್ತೇನೆ. ಆಮೇಲೆ ಹಳೆಯ ಕಾಟನ್ ಪಂಚೆಯಲ್ಲಿ ಒತ್ತಿ ನೀರು ತೆಗೆಯುವುದು, ಮುಕ್ಕಾಲು ಒಣಗುವವರೆಗೆ ಬಾಚಣಿಗೆ ಮುಟ್ಟದಿರುವುದು.

ಎಣ್ಣೆಯನ್ನು ಬಿಡಲಿಲ್ಲ, ಅಳತೆ ಇಳಿಸಿದೆವು. ತೆಂಗಿನೆಣ್ಣೆಯ ಬಗ್ಗೆ 2003ರಲ್ಲಿ ರೇಲೆ ಮತ್ತು ಮೊಹಿಲೆ ಅನ್ನುವವರ ಒಂದು ಅಧ್ಯಯನ ಬಂದಿತ್ತು. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನು ಹೋಲಿಸಿದಾಗ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರು ಅನ್ನೋದನ್ನೂ ಹೇಳಿಬಿಡಬೇಕು. ಆದರೆ ಕಾರಣ ಒಪ್ಪುವಂಥದ್ದು. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಕೂದಲಿನ ಒಳಗೆ ಇಳಿಯುತ್ತದೆ, ಆಮೇಲೆ ನೀರು ಅಷ್ಟು ನುಗ್ಗುವುದಿಲ್ಲ. ಅಂದರೆ ಎಣ್ಣೆಯ ಕೆಲಸ ಸ್ನಾನದ ಮೊದಲೇ ಮುಗಿಯಬೇಕು. ಉದ್ದಕ್ಕೆ ಒಂದೆರಡು ಟೀ ಚಮಚ ಸಾಕು. ಇವಳು ಅರ್ಧ ಬಟ್ಟಲು ಸುರಿದುಕೊಂಡು, ಅದನ್ನು ತೆಗೆಯಲು ಮೂರು ಸಲ ಶಾಂಪೂ ಹಾಕುತ್ತಿದ್ದಳು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ. ಸಿಲಿಕೋನ್ ಸೀರಮ್ಮಿಗೂ ನನ್ನ ವಿರೋಧ ಇಲ್ಲ. ತುದಿಗೆ ಎರಡು ಹನಿ ಹಾಕಿದರೆ ಕೂದಲು ಜಾರುತ್ತದೆ, ಸಿಕ್ಕಾಗುವುದಿಲ್ಲ. ಸೀಳು ವಾಸಿಯಾಗುತ್ತೆ ಅಂತ ಬಾಟಲಿಯ ಮೇಲೆ ಬರೆದದ್ದನ್ನು ಮಾತ್ರ ನಂಬಬೇಡಿ. ಮೊಟ್ಟೆ ಪ್ಯಾಕ್ ಒಂದು ಸಲ ಮಾಡಿದಳು, ವಾಸನೆ ಬಿಟ್ಟು ಬೇರೆ ಫಲ ಕಾಣಲಿಲ್ಲ.

2024ರ ಡಿಸೆಂಬರಿನಲ್ಲಿ ತುದಿಯಲ್ಲಿ 50ಕ್ಕೆ 7. ಅಷ್ಟೇನಾ ಅಂತ ಅವಳಿಗೆ ಬೇಜಾರು. ನಾನು ತುದಿ ಬಿಟ್ಟು 20 ಇಂಚಿನ ಜಾಗ ನೋಡು ಅಂದೆ. ಹಾಳಾದ ಪಟ್ಟಿ ವಾಸಿಯಾಗುವುದಿಲ್ಲ, ಕೆಳಗೆ ಇಳಿಯುತ್ತದೆ. ಬ್ಯಾಗೇ ಕಾರಣ ಆಗಿದ್ದರೆ, ಜೂನಿನ ನಂತರ ಆ ಜಾಗದಿಂದ ಹಾದುಹೋದ ಕೂದಲು ಚೊಕ್ಕ ಇರಬೇಕು. ಬ್ಯಾಗು ಕಾರಣ ಅಲ್ಲದಿದ್ದರೆ ಚುಕ್ಕೆ ಅಲ್ಲೇ ಮತ್ತೆ ಬರಬೇಕು. 20ರಿಂದ 23 ಇಂಚಿನವರೆಗೆ ಎರಡೇ ಚುಕ್ಕೆ ಸಿಕ್ಕವು.

2025ರ ಆಗಸ್ಟಿನಲ್ಲಿ ಕೊನೆಯ ಎಣಿಕೆ. ಜಡೆ ಚೀಲ ಸೇರಿ 14 ತಿಂಗಳು, ಅಂದರೆ 7 ಇಂಚು. 20ರಿಂದ 27 ಇಂಚಿನವರೆಗೆ 50 ಕೂದಲಲ್ಲಿ ಒಂದು ಚುಕ್ಕೆ. 27ರ ಕೆಳಗೆ ಹಳೆಯ ಪಟ್ಟಿ ಹಾಗೇ ಇದೆ, ಎರಡು ವಾರಕ್ಕೊಮ್ಮೆ ಒಂದಿಷ್ಟು ಕತ್ತರಿಗೆ ಹೋಗುತ್ತಿದೆ. ತುದಿಯಲ್ಲಿ 5. ಸವರಿದ್ದು, ಮುರಿದದ್ದು ಎಲ್ಲ ಕಳೆದು ಉದ್ದ 41 ಇಂಚು. ನೀರು ಅದೇ ನೀರು, ಈಗಲೂ ಗಡಸು. ಫಿಲ್ಟರ್ ಕಿತ್ತು ಅಟ್ಟಕ್ಕೆ ಹಾಕಿದ್ದಾಳೆ.

ಹಳೆಯ ಪಟ್ಟಿಯನ್ನು ಒಂದೇ ಸಲಕ್ಕೆ ತೆಗೆಯಬೇಕಾದರೆ ಈಗ 14 ಇಂಚು ಕತ್ತರಿಸಬೇಕು. ಅದಕ್ಕೆ ಇವಳು ತಯಾರಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಅಮ್ಮ ಎರಡನೇ ಚೀಲ ಹೊಲಿಯುತ್ತಿದ್ದಾಳೆ. ಮೊದಲನೆಯದರ ಅಂಚಿನಲ್ಲಿ ಜರಿ ಇತ್ತು, ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು.